ಹಳಿ ಕಾಯುವವರ ಕಾಲಿಗೊಂದು ಜಾಗ

ಆಷಾಢದ ಮಳೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ಊರಿನ ಕಡೆಯ ಹಳಿಯ ಹತ್ತಿರ ನಿಂತು ನೋಡಿ. ಹೆಗಲ ಮೇಲೆ ಸ್ಪ್ಯಾನರ್, ಕೈಯಲ್ಲಿ ಸುತ್ತಿಗೆ ಹಿಡಿದ ಕೀಮನ್, ಅಂದರೆ ದಿನವೂ ಹಳಿ ನೋಡುತ್ತ ನಡೆಯುವ ಕೆಲಸಗಾರರು, ಹಳಿಯಡಿಯ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಡುತ್ತ ಬರುತ್ತಾರೆ. ರೇನ್‌ಕೋಟಿನ ಟೋಪಿ ಎಳೆದುಕೊಂಡರೆ ಕಿವಿ ಮುಚ್ಚುತ್ತದೆ, ತೆಗೆದರೆ ತಲೆ ತೊಯ್ಯುತ್ತದೆ. ಹೆಚ್ಚಿನವರು ತೆಗೆದೇ ನಡೆಯುತ್ತಾರೆ. ರೈಲಿನ ಸದ್ದು ಕೇಳಬೇಕಲ್ಲ!

ಬೀರೂರು–ಶಿವಮೊಗ್ಗ ಮೀಟರ್‌ಗೇಜ್ ಹಳಿ ಬಂದದ್ದು 1899ರಲ್ಲಿ. 1940ರ ಹೊತ್ತಿಗೆ ಅದು ತಾಳಗುಪ್ಪ ಮುಟ್ಟಿತು. ರೈಲುಗಳು ಕಡಿಮೆ, ವೇಗವೂ ಕಡಿಮೆ. ಕೊನೆಕೊನೆಗೆ ಓಡುತ್ತಿದ್ದ, ಬಸ್ಸಿನಂಥ ಪುಟ್ಟ ರೈಲ್‌ಬಸ್ಸನ್ನು ನೆನೆಸಿಕೊಂಡರೆ ಸಾಕು. ಪಕ್ಕಕ್ಕೆ ಸರಿಯಲು ಪ್ರತ್ಯೇಕ ಜಾಗ ಬೇಕೆಂದು ಯಾರಿಗೂ ಅಷ್ಟಾಗಿ ಅನ್ನಿಸಿರಲಾರದು. ಆಮೇಲೆ ಬ್ರಾಡ್‌ಗೇಜ್ ಬಂತು, ಬೋಗಿಯ ಅಗಲ 3.25 ಮೀಟರ್ ಆಯಿತು. ಅದರ ಹಿಂದೆಯೇ 25 ಸಾವಿರ ವೋಲ್ಟ್‌ನ ತಂತಿಯೂ ಬಂತು. ಡೀಸೆಲ್ ಎಂಜಿನ್ ದೂರದಿಂದಲೇ ಗುಡುಗುತ್ತಿತ್ತು. ಎಲೆಕ್ಟ್ರಿಕ್ ಎಂಜಿನ್ ಅಷ್ಟು ಸದ್ದು ಮಾಡುವುದಿಲ್ಲ. ತಿರುವು, ಕಾಡು, ಮಂಜು ಇರುವ ಮಲೆನಾಡಿಗೆ ಇದು ದೊಡ್ಡ ಬದಲಾವಣೆ.

ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಂತೂ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ. ಸುರಂಗದೊಳಗೆ ರೈಲು ಬಂದರೆ ಕೆಲಸಗಾರರಿಗೆ ಗೋಡೆಯಲ್ಲಿ ಕೊರೆದ ಗೂಡುಗಳೇ ಆಸರೆ. ಉದ್ದದ ಸೇತುವೆಗಳಲ್ಲಿ ಬದಿಗೆ ಚಾಚಿದ ಪುಟ್ಟ ಕಟ್ಟೆಗಳಿರುತ್ತವೆ. ಟ್ರಾಲಿ (ಹಳಿ ತಪಾಸಣೆಯ ತಳ್ಳುಗಾಡಿ) ಎಳೆದಿಡುವ ಇಂಥ ಜಾಗಗಳ ನಡುವೆ ಹೆಚ್ಚೆಂದರೆ ಸುಮಾರು 100 ಮೀಟರ್ ಅಂತರ. ಎರಡರ ನಡುವೆ ನಿಂತವರು 50 ಮೀಟರ್ ಓಡಬೇಕು, ಅದೂ ಉಪಕರಣ ಹೊತ್ತು. ಹಾಗಾಗಿ ಕಾಲಡಿಯ ನೆಲ ಹೇಗಿದೆ ಎನ್ನುವುದೇ ಜೀವ ಉಳಿಸುವ ಸಂಗತಿ. ಗೀರು ಹಾಕಿದ ಕಬ್ಬಿಣದ ತಗಡಿನ ಮೇಲೂ ನೀರು ನಿಂತರೆ ಪಾಚಿ ಕಟ್ಟುತ್ತದೆ. ನೀರು ಇಳಿದುಹೋಗುವ ಜಾಲರಿ ಹಲಗೆ ನಮ್ಮ ಮಳೆಗೆ ಒಳ್ಳೆಯದು.

ಸೇತುವೆಯ ಕೆಳಗಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಕಬ್ಬಿಣದ ಗರ್ಡರುಗಳು (ತೊಲೆಗಳು) ಕಂಬದ ಮೇಲೆ ಕೂರುವ ಬೇರಿಂಗನ್ನು 3 ವರ್ಷಕ್ಕೊಮ್ಮೆ ಶುಚಿ ಮಾಡಿ ಗ್ರೀಸ್ ಹಚ್ಚಬೇಕು. ಕಂಬದ ತಲೆಗೆ ಭದ್ರವಾದ ಏಣಿ, ನಿಲ್ಲಲು ಕಟಾಂಜನವಿರುವ ಅಟ್ಟಣೆ ಇಲ್ಲದಿದ್ದರೆ ಆ ಕೆಲಸ ಸರ್ಕಸ್ಸೇ. ನಕ್ಷೆ ಬರೆಯುವ ದಿನವೇ ಇವು ಅದರಲ್ಲಿ ಇರಬೇಕು. ಆಮೇಲೆ ಬೆಸುಗೆ ಹಾಕಿಸಿದ ಏಣಿ ಬಹಳ ಸಲ ತಪ್ಪು ಜಾಗದಲ್ಲೇ ನಿಲ್ಲುತ್ತದೆ.

ಹಳಿಯಡಿ ನೀರು ಹಾಯುವ ಮೋರಿಗಳ ಕಥೆ ಇನ್ನೂ ಸಣ್ಣದು, ಆದರೆ ನಿತ್ಯದ್ದು. ಮಳೆಗಾಲದ ಗಸ್ತಿನವರು ಕಸ ಕಟ್ಟಿದೆಯೇ ಎಂದು ನೋಡಲು ಏರಿಯಿಂದ ಇಳಿಯಲೇಬೇಕು. ಕೆಂಪುಮಣ್ಣು, ಕತ್ತಲು, ಒಂದು ಕೈಯಲ್ಲಿ ದೀಪ. ಹತ್ತೋ ಹನ್ನೆರಡೋ ಕಾಂಕ್ರೀಟ್ ಮೆಟ್ಟಿಲು, ಪಕ್ಕದಲ್ಲೊಂದು ಪೈಪು ಇದ್ದರೆ ಇನ್ನೊಂದು ಕೈ ಹುಲ್ಲು ಹುಡುಕಬೇಕಾಗಿಲ್ಲ.