ಟ್ರಿಗರ್ ಹಗುರವಾದರೆ ಸಾಲದು

ಮದ್ದೂರು ಕಡೆಯ ಹುಡುಗ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ನನ್ನ ಹತ್ತಿರ ಹತ್ತು ಮೀಟರ್ ಏರ್ ರೈಫಲ್ ಕಲಿತ. ಈಗ ಅಮೆರಿಕದ ಕ್ಯಾನ್ಸಸ್‌ನಲ್ಲಿ ಕೆಲಸ. ಗ್ರೀನ್ ಕಾರ್ಡ್ ಆಗಿದೆ, ಊರಾಚೆ ಮನೆ ಮಾಡಿದ್ದಾನೆ. ಪಕ್ಕದಲ್ಲೇ ದನದ ಫಾರಂ. ಹಸು ಕರು ಹಾಕುವ ಕಾಲಕ್ಕೆ ಅಲ್ಲಿ ಕೊಯೋಟಿ ಕಾಟ ಶುರುವಾಗುತ್ತದಂತೆ. ಕೊಯೋಟಿ ಅಂದರೆ ನಮ್ಮ ಗುಳ್ಳೆನರಿಯ ದಾಯಾದಿ, ಮೈಕಟ್ಟು ಸ್ವಲ್ಪ ದೊಡ್ಡದು. ಹಂಟಿಂಗ್ ಲೈಸೆನ್ಸ್ ಪಡೆದವರು ಅದನ್ನು ಹೊಡೆಯಲು ಅಲ್ಲಿ ಕಾನೂನಿನ ಅಡ್ಡಿಯಿಲ್ಲ. ಫಾರಂನವರೇ ಇವನನ್ನು ಕರೆದಿದ್ದಾರೆ. ಇವನು ಸೆಕೆಂಡ್ ಹ್ಯಾಂಡಿನಲ್ಲಿ ಒಂದು ರೆಮಿಂಗ್ಟನ್ 700 ರೈಫಲ್ ಕೊಂಡಿದ್ದಾನೆ, .223 ತೋಟಾದ್ದು.

ಒಂದು ಭಾನುವಾರ ಫೋನ್ ಮಾಡಿದ. "ಸರ್, ಇದರ ಟ್ರಿಗರ್ ಕಲ್ಲಿನ ಹಾಗಿದೆ. ನನ್ನ ಕೈಗೆ ಏರ್ ರೈಫಲಿನದೇ ಅಭ್ಯಾಸ. ಹೊರಗಡೆ ಟ್ರಿಗರ್ ಬೇರೆ ಸಿಗುತ್ತೆ. ಅರ್ಧ ಪೌಂಡಿನದು ಹಾಕಿಬಿಡಲಾ?"

ಟ್ರಿಗರಿನ ತೂಕ ಅಂದರೆ ಈಡು ಹಾರಿಸಲು ಬೆರಳು ಹಾಕಬೇಕಾದ ಬಲ. ಅರ್ಧ ಪೌಂಡ್ ಅಂದರೆ ಇನ್ನೂರ ಇಪ್ಪತ್ತೇಳು ಗ್ರಾಂ. ಬೇಡ ಅಂದೆ. ಯಾಕೆ ಬೇಡ ಅನ್ನುವುದನ್ನು ಫೋನಿನಲ್ಲಿ ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೈಸೂರು, ಮಂಡ್ಯದಿಂದ ಹೋದ ಹುಡುಗರು ಅಮೆರಿಕದ ಹಳ್ಳಿಗಾಡಿನಲ್ಲಿ ಈಗ ಬೇಕಾದಷ್ಟಿದ್ದಾರೆ, ಈ ಪ್ರಶ್ನೆ ನನಗೆ ಬಂದದ್ದು ಇದೇ ಮೊದಲಲ್ಲ.

ಬಂದೂಕು ರಿಪೇರಿ ನಮ್ಮ ಮನೆಯ ಕಸುಬು. ಲೈಸೆನ್ಸ್ ಅಪ್ಪನ ಕಾಲದಿಂದ ಇದೆ. ಹಳಬರು ಟ್ರಿಗರ್‌ಗೂ ಅದು ಬೀಳಿಸುವ ಸುತ್ತಿಗೆಗೂ ಸೇರಿಸಿ 'ಕುದುರೆ' ಅನ್ನುತ್ತಿದ್ದರು. ಕೆಲಸ ಕಲಿಯುವವರು ಮಾತ್ರ ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ರೆಮಿಂಗ್ಟನ್ 700ರಂಥ ಬೋಲ್ಟ್ ರೈಫಲಿನ (ಪ್ರತಿ ಈಡಿಗೂ ಕೈಯಿಂದ ಬೋಲ್ಟ್ ಎಳೆದು ಮುಚ್ಚುವಂಥದ್ದು) ಒಳಗೆ ಸ್ಪ್ರಿಂಗ್ ಬಿಗಿದುಕೊಂಡ ಫೈರಿಂಗ್ ಪಿನ್, ಅಂದರೆ ತೋಟಾಕ್ಕೆ ಹೊಡೆದು ಸಿಡಿಸುವ ಮೊಳೆ, ಮುಂದಕ್ಕೆ ಹಾರಲು ಕಾದು ನಿಂತಿರುತ್ತದೆ. ಅದನ್ನು ತಡೆದಿರುವ ತುಂಡಿನ ಹೆಸರು ಸಿಯರ್. ಸಿಯರ್ ಬೀಳದಂತೆ ಕೆಳಗಿನಿಂದ ಆನಿಕೊಂಡಿರುವುದು ಟ್ರಿಗರ್. ಎರಡೂ ಒಂದಕ್ಕೊಂದು ಕಚ್ಚಿಕೊಂಡಿರುವ ಅಂಚು ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೇ. ಬೆರಳು ಎಳೆದಾಗ ಆ ಅಂಚು ಜಾರಿ ತಪ್ಪುತ್ತದೆ, ಈಡು ಹಾರುತ್ತದೆ. ಟ್ರಿಗರ್ ಆರಿಸುವುದೆಂದರೆ ಆ ಅರ್ಧ ಮಿಲಿಮೀಟರನ್ನು ಯಾರ ಕೈಗೆ ಒಪ್ಪಿಸುತ್ತೀರಿ ಎಂದು ತೀರ್ಮಾನ ಮಾಡುವುದು.

ಟ್ರಿಗರ್ ಗಟ್ಟಿ ಅನ್ನಿಸುವುದಕ್ಕೆ ತೂಕವೊಂದೇ ಕಾರಣವಲ್ಲ. ಗಿರಾಕಿ 'ಬಹಳ ಗಟ್ಟಿ' ಎಂದು ತಂದ ಎಷ್ಟೋ ಬಂದೂಕುಗಳನ್ನು ಎಳೆತ ಅಳೆಯುವ ಗೇಜಿಗೆ ಹಾಕಿದರೆ ತೂಕ ಸರಿಯಾಗೇ ಇರುತ್ತದೆ. ಎಳೆತ ಒರಟು, ದೋಷ ಇರುವುದು ಅಲ್ಲಿ. ಬೆರಳು ಎಳೆಯುತ್ತಾ ಹೋದಂತೆ ಒಳಗೆ ಏನೋ ಉಜ್ಜಿಕೊಂಡು ಸರಿದು, ತಡೆದು, ಮತ್ತೆ ಸರಿಯುತ್ತದೆ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ಕಬ್ಬಿನ ಗದ್ದೆಯಲ್ಲಿ ಬೆಳೆದವನಿಗೆ ಇದನ್ನು ಹೇಳಿಕೊಡುವುದು ಸುಲಭವಾಯಿತು. ಬಲಿತ ಕಬ್ಬನ್ನು ಗೆಣ್ಣಿನಲ್ಲಿ ಮುರಿದರೆ ಲಟ್ಟನೆ ಮುರಿಯುತ್ತದೆ. ಹಸಿ ಜೋಳದ ದಂಟು ಹಾಗಲ್ಲ, ಬಾಗುತ್ತದೆ, ನಾರು ಬಿಡುತ್ತದೆ, ಯಾವ ಗಳಿಗೆಯಲ್ಲಿ ತುಂಡಾಯಿತು ಅಂತಲೇ ತಿಳಿಯುವುದಿಲ್ಲ. ಗೆಣ್ಣಿನಲ್ಲಿ ಮುರಿಯುವ ಟ್ರಿಗರ್ ಬೇಕು. ಹಾಗೆ ಮುರಿಯುವುದಾದರೆ 1,300 ಗ್ರಾಂ ಕೂಡ ಬೆರಳಿಗೆ ಹಗುರ. ದಂಟಿನ ಹಾಗೆ ಬಾಗುವುದಾದರೆ 700 ಗ್ರಾಮೂ ಭಾರ.

ಹಾಗಂತ ತೂಕ ಲೆಕ್ಕಕ್ಕಿಲ್ಲ ಅಂತಲ್ಲ. ದೂರದರ್ಶಕ ಸೇರಿ ನಾಲ್ಕು ಕಿಲೋ ತೂಗುವ ರೈಫಲಿಗೆ ಎರಡೂವರೆ ಕಿಲೋ ಎಳೆತವಿದ್ದರೆ ಬೆರಳಿನ ಜೊತೆ ನಳಿಗೆಯೂ ಸರಿಯುತ್ತದೆ. ಪ್ರಾಣಿಯ ಕೂಗನ್ನು ಅನುಕರಿಸಿ ಕರೆದಾಗ ಕೊಯೋಟಿ ಓಡೋಡಿ ಬಂದು, ಸಂಶಯಪಟ್ಟು ಎರಡು ಮೂರು ಸೆಕೆಂಡ್ ನಿಲ್ಲುತ್ತದೆ. ಗುರಿಯಿಡಬೇಕಾದ ಜಾಗ ಅಂಗೈ ಅಗಲ. ಇನ್ನೂರು ಮೀಟರ್ ದೂರದಲ್ಲಿ ನಳಿಗೆ ಕೂದಲೆಳೆಯಷ್ಟು ಸರಿದರೂ ಗಾಯಗೊಂಡ ಪ್ರಾಣಿ ಹುಲ್ಲಿಗೆ ನುಗ್ಗಿ ನರಳುತ್ತದೆ. ಹೊಡೆಯುವುದೇ ಆದರೆ ಒಂದೇ ಈಡಿಗೆ ಮುಗಿಯಬೇಕು. ಒಳ್ಳೆಯ ಟ್ರಿಗರ್ ಹಾಕಿಸು ಅಂತ ನಾನು ಹೇಳುವುದು ಮುಖ್ಯವಾಗಿ ಇದಕ್ಕೇ.

ಆದರೆ ಏರ್ ರೈಫಲಿನ ಲೆಕ್ಕ ಇಲ್ಲಿಗೆ ತರಬಾರದು. ಶೂಟಿಂಗ್ ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಎಸ್‌ಎಫ್ ನಿಯಮದಲ್ಲಿ ಹತ್ತು ಮೀಟರ್ ಏರ್ ರೈಫಲಿಗೆ ಟ್ರಿಗರ್ ತೂಕದ ಕನಿಷ್ಠ ಮಿತಿಯೇ ಇಲ್ಲ. ನೂರು ಗ್ರಾಂ ಆಸುಪಾಸಿನಲ್ಲಿ ಹೊಡೆಯುವವರಿದ್ದಾರೆ. ಅದೇ ಸಂಸ್ಥೆ ಏರ್ ಪಿಸ್ತೂಲಿಗೆ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1,000 ಗ್ರಾಂ, 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿಗೆ 1,500 ಗ್ರಾಂಗಿಂತ ಕಡಿಮೆ ಇರಬಾರದು ಎಂದು ಕಟ್ಟುಮಾಡಿದೆ. ರೇಂಜಿನಲ್ಲಿ ನೆಲ ಸಮ, ಬೆಳಕು ಸಮ, ಬಂದೂಕಿನ ಬಾಯಿ ಸದಾ ಗುರಿಯ ಕಡೆ. ಕ್ಯಾನ್ಸಸ್‌ನ ಜನವರಿ ಬೆಳಗಿನಲ್ಲಿ ಇವನು ಕತ್ತಲಲ್ಲಿ ಮುಳ್ಳುತಂತಿ ದಾಟಿ, ದಪ್ಪ ಕೈಗವಸು ತೊಟ್ಟು, ಹಿಮದಲ್ಲಿ ಕೂತು, ಮರಗಟ್ಟಿದ ಬೆರಳಿನಿಂದ ಟ್ರಿಗರ್ ಹುಡುಕಬೇಕು. ಗವಸಿನ ಬೆರಳಿಗೆ 227 ಗ್ರಾಂ ಗೊತ್ತೇ ಆಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಗುಂಡು ಹೋಗಿರುತ್ತದೆ. ಬಯಲಿನಲ್ಲಿ ಹೊತ್ತು ತಿರುಗುವ ರೈಫಲಿಗೆ ಎರಡೂವರೆಯಿಂದ ಮೂರು ಪೌಂಡ್, ಅಂದರೆ 1,130ರಿಂದ 1,360 ಗ್ರಾಂ. ಅದಕ್ಕಿಂತ ಕೆಳಗೆ ಇಳಿಯಬೇಡ ಎಂದೆ.

ಇನ್ನು ಒಂದು ಹಂತದ ಟ್ರಿಗರೋ, ಎರಡು ಹಂತದ್ದೋ ಎಂಬ ಪ್ರಶ್ನೆ. ಎರಡು ಹಂತದ್ದು ಗಾಡಿಯ ಕ್ಲಚ್ ಇದ್ದಂತೆ. ಮೊದಲು ಸಡಿಲವಾಗಿ ಬರುತ್ತದೆ, ಆಮೇಲೆ ಕಚ್ಚುವ ಜಾಗ ಸಿಗುತ್ತದೆ, ಅಲ್ಲಿ ನಿಂತು ಉಸಿರು ಹಿಡಿದು ಇನ್ನಷ್ಟು ಒತ್ತಿದರೆ ಈಡು. ಏರ್ ರೈಫಲಿನಿಂದ ಬಂದವರ ಕೈಗೆ ಇದು ಪರಿಚಿತ. ಗವಸು ತೊಟ್ಟ ಬೆರಳಿಗೂ ಆ ಮೊದಲ ಹಂತ ಒಂದು ಎಚ್ಚರಿಕೆ ಕೊಡುತ್ತದೆ. ಎಆರ್ ಮಾದರಿಯ (ಪ್ರತಿ ಈಡಿನ ನಂತರ ತಾನೇ ತೋಟಾ ತುಂಬಿಕೊಳ್ಳುವ) ರೈಫಲ್ ಇಟ್ಟುಕೊಂಡವರಿಗೆ ನಾನು ಇದನ್ನೇ ಹೇಳುತ್ತೇನೆ. ಗೈಸೆಲಿಯಂಥ ಕಂಪನಿಗಳು ಇದರಲ್ಲಿ ಪಳಗಿವೆ. ಆದರೆ ಓಡುತ್ತಾ ಬಂದು ಗಕ್ಕನೆ ನಿಂತ ಪ್ರಾಣಿಯ ಮುಂದೆ ಕೆಲವರು ಗಡಿಬಿಡಿಯಲ್ಲಿ ಎರಡೂ ಹಂತವನ್ನು ಒಟ್ಟಿಗೇ ಎಳೆದುಬಿಡುತ್ತಾರೆ. ಬೋಲ್ಟ್ ರೈಫಲಿಗೆ ಗೆಣ್ಣಿನಂತೆ ಮುರಿಯುವ ಒಂದೇ ಹಂತದ್ದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಬೇರೆಯವರು ಬೇರೆ ಹೇಳಿಯಾರು.

ಕಂಪನಿಗಳ ವಿಷಯ ಬೇಗ ಮುಗಿಸುತ್ತೇನೆ. ರೆಮಿಂಗ್ಟನ್ 700ಕ್ಕೆ ಸಿಗುವಷ್ಟು ಬದಲಿ ಟ್ರಿಗರ್ ಬೇರೆ ಯಾವ ರೈಫಲಿಗೂ ಇಲ್ಲವೆನ್ನಬೇಕು. 1946ರಿಂದ ಇರುವ ಟಿಮ್ನಿ ಇದೆ, ಸರಳ, ಗಟ್ಟಿಮುಟ್ಟು. ಕೆನಡಾದ ಟ್ರಿಗರ್‌ಟೆಕ್ ಸಿಯರ್ ಮತ್ತು ಟ್ರಿಗರ್ ನಡುವೆ ಒಂದು ಪುಟ್ಟ ರೋಲರ್ ಇಡುತ್ತದೆ. ಉಜ್ಜುವ ಬದಲು ಉರುಳುವುದರಿಂದ ಕ್ರೀಪ್ ಬೆರಳಿಗೆ ಸಿಗುವುದಿಲ್ಲ. ಎರಡರಲ್ಲೂ ಒಂದೂವರೆಯಿಂದ ನಾಲ್ಕು ಪೌಂಡಿನವರೆಗೆ ಹೊಂದಿಸಿಕೊಳ್ಳಬಹುದಾದ ಮಾದರಿಗಳಿವೆ. ಜ್ಯೂವೆಲ್ ಬೆಂಚ್‌ರೆಸ್ಟ್ (ಮೇಜಿನ ಮೇಲೆ ರೈಫಲ್ ಆನಿಸಿ ಹೊಡೆಯುವ) ಸ್ಪರ್ಧಿಗಳ ಅಚ್ಚುಮೆಚ್ಚಿನದು, ಬಹಳ ಹಗುರ, ಬಹಳ ನಾಜೂಕು. ಧೂಳಿನ ಬಯಲಿಗೆ ನಾನು ಅದನ್ನು ಕಳಿಸುವುದಿಲ್ಲ. ಸ್ಯಾವೇಜ್ ರೈಫಲ್ ಇದ್ದವರು ದುಡ್ಡು ಉಳಿಸಿಕೊಳ್ಳಬಹುದು. ಅದರ ಆಕ್ಯುಟ್ರಿಗರ್ ನಡುವೆ ಒಂದು ಸಣ್ಣ ಅಲಗು ಇರುತ್ತದೆ, ಬೆರಳು ಅದನ್ನು ಒತ್ತದೆ ಸಿಯರ್ ಜಾರಿದರೆ ಅಲಗೇ ಅಡ್ಡ ಬಂದು ತಡೆಯುತ್ತದೆ. ಮೊದಲು ಅದನ್ನು ಹೊಂದಿಸಿ ನೋಡಲಿ.

ಯಾವುದೇ ಕೊಂಡರೂ ಅದರ ಮೇಲೆ ಎರಡು ಮೂರು ತಿರುಪುಗಳಿರುತ್ತವೆ. ತೂಕದ ತಿರುಪನ್ನು ಕಂಪನಿಯ ಪುಸ್ತಕ ನೋಡಿಕೊಂಡು ನೀವೇ ತಿರುಗಿಸಬಹುದು. ಈಡು ಹಾರಿದ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಬೇಕೆನ್ನುವ ತಿರುಪನ್ನೂ ಹಾಗೆಯೇ. ಸಿಯರಿನ ಕಚ್ಚನ್ನು ನಿರ್ಧರಿಸುವ ತಿರುಪು ಹೊರಗೆ ಕಾಣಿಸಿದರೆ ಅದನ್ನು ಮುಟ್ಟಲೇಬೇಡಿ. ಕಂಪನಿ ಅರಗು ಹಾಕಿ ಮುಚ್ಚಿದ್ದರೆ ಅರಗು ಹಾಗೇ ಇರಲಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ, ಅಪ್ಪ ಊರಲ್ಲಿಲ್ಲದ ದಿನ, ಮಳವಳ್ಳಿ ಕಡೆಯ ರೈತರೊಬ್ಬರ ಜೋಡು ನಳಿಗೆ ಕೋವಿಯ ಸಿಯರನ್ನು ನಾನು ಸಾಣೆಕಲ್ಲಿಗೆ ತಿಕ್ಕಿದೆ. ಹಗುರ ಮಾಡಿಕೊಡು ಅಂದಿದ್ದರು, ಮಾಡಿಕೊಟ್ಟೆ. ಬೆಣ್ಣೆಯ ಹಾಗಿತ್ತು. ನನಗೆ ತಿಳಿಯದೇ ಹೋದದ್ದು ಒಂದೇ: ಸಿಯರಿನ ಉಕ್ಕು ಪೂರ್ತಿ ಗಟ್ಟಿಯಲ್ಲ, ಹದ ಹಾಕಿದ ಗಟ್ಟಿ ಪದರ ಮೇಲ್ಗಡೆ ತೆಳ್ಳಗೆ, ತೊಗಟೆಯಂತೆ ಇರುತ್ತದೆ. ನಾನು ತೊಗಟೆಯನ್ನೇ ತೆಗೆದಿದ್ದೆ. ಒಳಗಿನ ಮೆದು ಉಕ್ಕು ಕೆಲವು ಈಡುಗಳಿಗೇ ಸವೆಯಿತು. ಒಂದು ಸಂಜೆ ಅವರು ಬಲಗಡೆಯ ನಳಿಗೆ ಹಾರಿಸಿದಾಗ ಅದರ ಒದೆತಕ್ಕೇ ಎಡಗಡೆಯದೂ ಹಾರಿತು. ಭುಜ ನೀಲಿಗಟ್ಟಿತ್ತು. ಬಾಯಿ ಆಕಾಶದ ಕಡೆ ಇತ್ತು, ಅಷ್ಟಕ್ಕೇ ಉಳಿಯಿತು. ಅಪ್ಪ ಬಯ್ಯಲಿಲ್ಲ. ಆ ಸಿಯರನ್ನು ಬಿಚ್ಚಿ ನನ್ನ ಮೇಜಿನ ಮೇಲೆ ಇಟ್ಟರು. ಅದು ಈಗಲೂ ಅಲ್ಲೇ ಇದೆ. ಇದ್ದದ್ದನ್ನೇ ತಿಕ್ಕಿ ಹಗುರ ಮಾಡಿಕೊಡುತ್ತೇನೆ ಅನ್ನುವವರ ಕೈಗೆ ರೈಫಲ್ ಕೊಡಬೇಡಿ. ಪೂರ್ತಿ ಜೋಡಿಸಿ ಬಂದ ಹೊಸ ಟ್ರಿಗರ್ ಹಾಕಿಸುವುದು ಎಷ್ಟೋ ಮೇಲು.

ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಇನ್ನೊಂದು ಮಾತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದ, ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳನ್ನು ರೆಮಿಂಗ್ಟನ್ 2014ರಲ್ಲಿ ವಾಪಸ್ ಕರೆಸಿಕೊಂಡಿತ್ತು. ಜೋಡಿಸುವಾಗ ಬಳಸುವ ಅಂಟು ಕೆಲವದರಲ್ಲಿ ಹೆಚ್ಚಾಗಿ, ಎಳೆಯದೆಯೇ ಈಡು ಹಾರುವ ಸಾಧ್ಯತೆ ಇತ್ತು. ನಿನ್ನದು ಯಾವ ವರ್ಷದ್ದು, ರಿಪೇರಿ ಆಗಿದೆಯಾ ಅಂತ ಮೊದಲು ನೋಡು ಎಂದೆ. ಅವನದು ಆ ಅವಧಿಯದೇ ಆಗಿತ್ತು. ಟ್ರಿಗರ್ ಬದಲಿಸುವ ಮಾತಿಗೆ ಆಗ ಇಬ್ಬರದೂ ಒಂದೇ ಮನಸ್ಸಾಯಿತು. ಬದಲಿಸುವವರೆಗೆ ಅದಕ್ಕೆ ತೋಟಾ ತುಂಬಬೇಡ ಅಂದೆ.

ಸೇಫ್ಟಿಯ, ಅಂದರೆ ತಪ್ಪಿ ಈಡು ಹಾರದಂತೆ ತಡೆಯುವ ಕೀಲಿಯ ಬಗ್ಗೆಯೂ ಕೇಳಿ. ಈ ಜಾತಿಯ ರೈಫಲಿನಲ್ಲಿ ಸೇಫ್ಟಿ ಹಾಕಿದರೆ ಸಿಯರ್ ಮೇಲಕ್ಕೆ ಎತ್ತಿಕೊಳ್ಳುತ್ತದೆ, ಟ್ರಿಗರ್ ಅದರ ಕೆಳಗೆ ಸಡಿಲವಾಗಿ ನಿಲ್ಲುತ್ತದೆ. ಕೊಳೆಯೋ ಜಿಡ್ಡೋ ಕೂತು ಟ್ರಿಗರ್ ತನ್ನ ಜಾಗಕ್ಕೆ ವಾಪಸ್ ಬರದಿದ್ದರೆ, ಸೇಫ್ಟಿ ತೆಗೆದ ಗಳಿಗೆಯಲ್ಲಿ ಸಿಯರಿಗೆ ಆಸರೆಯೇ ಇರುವುದಿಲ್ಲ. ಬೆರಳು ಟ್ರಿಗರ್ ಮೇಲೆ ಇಲ್ಲದಿದ್ದರೂ ಹಾರುತ್ತದೆ. ಅದಕ್ಕೇ ಹೊಸದು ಕೂರಿಸಿದ ಮೇಲೆ ಪರೀಕ್ಷೆ ಮಾಡದೆ ತೋಟಾ ಹಾಕಬಾರದು. ನಳಿಗೆ, ಮ್ಯಾಗಜಿನ್ ಎರಡೂ ಖಾಲಿ ಇದೆಯೆಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ನೋಡಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಡಿ. ಬೋಲ್ಟನ್ನು ಹತ್ತಿಪ್ಪತ್ತು ಸಲ ಬಿರುಸಾಗಿ ಮುಚ್ಚಿ. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಿರಿ. ಕುಂದದ, ಅಂದರೆ ಭುಜಕ್ಕೆ ಆನಿಸುವ ಹಿಡಿಯ ತುದಿಯನ್ನು ರಬ್ಬರ್ ಚಾಪೆಗೆ ಕುಟ್ಟಿ. ಇಷ್ಟರಲ್ಲಿ ಒಂದೇ ಒಂದು ಸಲ ಪಿನ್ ಬಿದ್ದರೂ ಆ ರೈಫಲ್ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವರ ಹತ್ತಿರ ಹೋಗಬೇಕು. ಪಾಸಾದರೆ ಗೇಜಿನಲ್ಲಿ ಹತ್ತು ಸಲ ಎಳೆದು ಬರೆದುಕೊಳ್ಳಿ. ಸರಾಸರಿಗಿಂತ ನನಗೆ ಮುಖ್ಯ ಹತ್ತರ ನಡುವಿನ ಏರಿಳಿತ. 1,240, 1,260, 1,250 ಬಂದರೆ ನೆಮ್ಮದಿ. 1,000 ಒಮ್ಮೆ, 1,400 ಒಮ್ಮೆ ಬಂದರೆ ಒಳಗೆ ಏನೋ ಹಿಡಿಯುತ್ತಿದೆ.

ಕೊಳೆ ಅಂದಾಗ ನಮ್ಮೂರಿನದೂ ನೆನಪಾಗುತ್ತದೆ. ಆಯುಧಪೂಜೆ ಮುಗಿದ ವಾರ ನನ್ನ ಮೇಜಿಗೆ ಬರುವ ಕೋವಿಗಳಲ್ಲಿ ಕುಂಕುಮ, ಗಂಧ, ವಿಭೂತಿ ಟ್ರಿಗರಿನ ಸಂದಿಗೆ ಇಳಿದಿರುತ್ತದೆ. ಚುನಾವಣೆಗೆಂದು ಠಾಣೆಯಲ್ಲಿಟ್ಟು ಬಿಡಿಸಿಕೊಂಡು ಬಂದವುಗಳಲ್ಲಿ ತುಕ್ಕು. ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೊಬ್ಬರಿ ಎಣ್ಣೆ. ಭಕ್ತಿಯಿಂದಲೇ ಹಾಕಿರುತ್ತಾರೆ, ಅದು ಒಳಗೆ ಅಂಟಾಗಿ ಕೂರುತ್ತದೆ. ನಮ್ಮ ಮಾಗಿ ಚಳಿಗೇ ಗಟ್ಟಿಯಾಗುವ ಎಣ್ಣೆ ಅದು. ಪೂಜೆಗೆ ಕುಂಕುಮವನ್ನು ಕುಂದದ ಮರಕ್ಕೆ ಇಡಿ, ಯಂತ್ರದ ಹತ್ತಿರ ಬೇಡ.

ಇಲ್ಲಿರುವ ಓದುಗರು ಇದನ್ನೆಲ್ಲ ಓದಿ ಇಲ್ಲಿಯ ಬಂದೂಕಿಗೆ ಅನ್ವಯಿಸಿಕೊಳ್ಳಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಬೇಟೆ ಅಪರಾಧ. ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದ್ದರೂ ಅರಣ್ಯ ಇಲಾಖೆಗೇ ತಿಳಿಸಬೇಕು. ದಸರಾಕ್ಕೆ ಬರುವಾಗ ಚಿಕ್ಕಪ್ಪನ ರೈಫಲಿಗೆ ಒಂದು ಟ್ರಿಗರ್ ಸೂಟ್‌ಕೇಸಿನಲ್ಲಿ ತರಲಾ ಎಂದೂ ಇವನು ಕೇಳಿದ್ದ. 1959ರ ಆಯುಧ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಪರವಾನಗಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ಕೇಸು. ಅಲ್ಲಿರುವವರಿಗೂ ಒಂದು ಎಚ್ಚರಿಕೆ: ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಮೆರಿಕದ ಫೆಡರಲ್ ಕಾನೂನಿನ ನಿಷೇಧವಿದೆ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಗೆಳೆಯನ ರೈಫಲ್ ಕೈಗೆತ್ತಿಕೊಳ್ಳುವ ಮುನ್ನವೇ ವಕೀಲರನ್ನು ಕೇಳಿ.

ಹುಡುಗ ಕೊನೆಗೆ ರೋಲರ್ ಇರುವುದನ್ನೇ ಕೊಂಡ. ಅಲ್ಲಿಯ ಗನ್‌ಸ್ಮಿತ್ ಹತ್ತಿರ ಕೂರಿಸಿ, 1,250 ಗ್ರಾಂಗೆ ಹೊಂದಿಸಿ, ಗೇಜಿನ ಫೋಟೋ ಕಳಿಸಿದ. ಜನವರಿಯಲ್ಲಿ ಮತ್ತೆ ಫೋನ್. ಗೇಜು ಬೆಳಗಿನ ಜಾವ 1,400 ತೋರಿಸುತ್ತಿದೆ, ಮಧ್ಯಾಹ್ನ ಮನೆಯೊಳಗೆ ಅಳೆದರೆ ಸರಿಯಿದೆ ಅಂದ. ಒಳಗೆ ಏನು ಹಾಕಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಅಂದ. ಲೈಟರ್ ದ್ರವದಲ್ಲಿ ಪೂರ್ತಿ ತೊಳೆದು, ಬೆಂಕಿಯಿಂದ ದೂರ, ಗಾಳಿಯಾಡುವ ಕಡೆ ಆರಲು ಬಿಡು, ಆಮೇಲೆ ಏನೂ ಹಾಕಬೇಡ, ಒಣಗಿದ್ದೇ ಇರಲಿ ಎಂದೆ. ಮಾರನೆಯ ದಿನ ಮೈನಸ್ ಹನ್ನೆರಡು ಡಿಗ್ರಿ ಚಳಿಯಲ್ಲಿ ಅಂಗಳಕ್ಕೆ ಒಯ್ದು ಹತ್ತು ಸಲ ಅಳೆದು ಪಟ್ಟಿ ಕಳಿಸಿದ. ಎಲ್ಲವೂ 1,240 ಮತ್ತು 1,270ರ ಒಳಗೇ ಇದ್ದವು.