ರಿಪೋರ್ಟ್ ನಾರ್ಮಲ್, ಡೋಸ್ ಮಾತ್ರ ಹೆಚ್ಚು

ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡಗಳು ಸೋಸಿ ಹೊರಹಾಕುವ ತ್ಯಾಜ್ಯ) 1.2 ಎಂದು ಕಂಡ ಕೂಡಲೇ ‘ಕಿಡ್ನಿ ಚೆನ್ನಾಗಿದೆ’ ಎಂದು ನಿರಾಳರಾಗುವವರೇ ಹೆಚ್ಚು. ರೋಗಿಗಳಷ್ಟೇ ಅಲ್ಲ, ಅವಸರದಲ್ಲಿರುವ ವೈದ್ಯರೂ. ಇದೇ ಅಂಕಿಯನ್ನು ಇಬ್ಬರ ರಿಪೋರ್ಟ್‌ನಲ್ಲಿಟ್ಟು ನೋಡಿ. ಒಬ್ಬ 30 ವರ್ಷದ, 75 ಕೆ.ಜಿ. ತೂಕದ ಗಂಡಸು; ಇನ್ನೊಬ್ಬರು 80 ದಾಟಲಿರುವ, 45 ಕೆ.ಜಿ.ಯ ಅಜ್ಜಿ. ವಯಸ್ಸು, ತೂಕ, ಲಿಂಗ ಮೂರನ್ನೂ ಪರಿಗಣಿಸುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಅವನ ಮೂತ್ರಪಿಂಡಗಳ ಶೋಧನೆಯ ವೇಗ ನಿಮಿಷಕ್ಕೆ ಸುಮಾರು 95 ಮಿ.ಲೀ., ಅಜ್ಜಿಯದು 27ರ ಆಸುಪಾಸು. ಕ್ರಿಯಾಟಿನಿನ್ ಹುಟ್ಟುವುದೇ ಸ್ನಾಯುಗಳಲ್ಲಿ. ಸ್ನಾಯು ಕರಗಿದ ಮೈಯಲ್ಲಿ ಅದರ ಉತ್ಪತ್ತಿಯೇ ಕಡಿಮೆ. ಹಾಗಾಗಿ ಶೋಧನೆ ಕುಗ್ಗಿದ್ದರೂ ಅಂಕಿ ಮೇಲೇರುವುದಿಲ್ಲ.

ಇಬ್ಬರಿಗೂ ಒಂದೇ ಪ್ರಮಾಣದ ಡಿಗಾಕ್ಸಿನ್ ಕೊಟ್ಟರೆ? ಹೃದಯಕ್ಕೆ ಕೊಡುವ ಈ ಔಷಧ ಬಹುಪಾಲು ಮೂತ್ರದ ಮೂಲಕವೇ ಹೊರಹೋಗಬೇಕು. ಮೂತ್ರಪಿಂಡಗಳು ಗಟ್ಟಿಯಾಗಿದ್ದರೆ ರಕ್ತದಲ್ಲಿನ ಪ್ರಮಾಣ ಅರ್ಧಕ್ಕಿಳಿಯಲು ಒಂದೂವರೆಯಿಂದ ಎರಡು ದಿನ ಸಾಕು; ಇದೇ ಅದರ ಅರ್ಧಾಯುಷ್ಯ. ಮೂತ್ರಪಿಂಡಗಳು ಸೋತಂತೆ ಈ ಅವಧಿ ಹಿಗ್ಗುತ್ತದೆ. ದಿನವೂ ಸೇವಿಸುವ ಔಷಧದ ಮಟ್ಟ ಒಂದು ನೆಲೆಗೆ ಬಂದು ನಿಲ್ಲಲು ನಾಲ್ಕೈದು ಅರ್ಧಾಯುಷ್ಯಗಳು ಬೇಕು. ಆದ್ದರಿಂದ ಅಜ್ಜಿಗೆ ಮೊದಲ ವಾರ ಏನೂ ಆಗದಿರಬಹುದು. ಆಮೇಲೆ ವಾಕರಿಕೆ, ಊಟ ಬೇಡವೆನ್ನುವುದು, ನಾಡಿ ನಿಧಾನವಾಗುವುದು. ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ, ವಾಕರಿಕೆಗೆಂದು ಚೀಟಿಗೆ ಮತ್ತೊಂದು ಮಾತ್ರೆ ಸೇರುತ್ತದೆ. ಇಂಥ ಚೀಟಿ ಕಂಡಾಗ ನನಗೆ ಸಿಟ್ಟು ಬರುವುದು ಆ ಎರಡನೇ ಮಾತ್ರೆಯ ಮೇಲೆ.

ಔಷಧವನ್ನು ಒಡೆಯುವ ಯಕೃತ್ತಿನ ಸಾಮರ್ಥ್ಯ ಅಳೆಯಲು ಹೀಗೆ ಸೂತ್ರಕ್ಕೆ ಹಾಕಬಹುದಾದ ಒಂದೇ ಅಂಕಿಯೂ ಇಲ್ಲ. ಕರುಳಿನಿಂದ ಬಂದ ಔಷಧ ಮೊದಲು ಅಲ್ಲಿಗೇ ಹೋಗುತ್ತದೆ. ಹೃದಯ, ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲ್‌ನ ಬಹುಭಾಗ ಆ ಮೊದಲ ಸುತ್ತಿನಲ್ಲೇ ಕರಗಿಹೋಗುವುದರಿಂದಲೇ ರಕ್ತನಾಳಕ್ಕೆ 1 ಮಿ.ಗ್ರಾಂ. ಕೊಡುವ ಕಡೆ ಬಾಯಿಗೆ 40 ಮಿ.ಗ್ರಾಂ. ಕೊಡುವುದುಂಟು. ಅಲ್ಲಿನ ಕಿಣ್ವಗಳಿಗೂ ಮಿತಿಯಿದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಚಿಕಿತ್ಸೆಯ ಪ್ರಮಾಣದಲ್ಲೇ ಆ ಮಿತಿಯನ್ನು ಮುಟ್ಟುತ್ತದೆ. 300 ಮಿ.ಗ್ರಾಂ.ನಿಂದ 400ಕ್ಕೆ ಏರಿಸಿದರೆ ಡೋಸ್ ಮೂರನೇ ಒಂದರಷ್ಟು ಹೆಚ್ಚಿದಂತೆ ಕಾಣುತ್ತದೆ. ರಕ್ತದಲ್ಲಿನ ಮಟ್ಟ ದುಪ್ಪಟ್ಟಾದರೂ ಅಚ್ಚರಿಯಿಲ್ಲ. ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ತೂರಾಡುತ್ತದೆ. ಆ ಹಂತದಲ್ಲಿ ನಾವು ಏರಿಸುವುದು ಒಮ್ಮೆಗೆ 25–50 ಮಿ.ಗ್ರಾಂ. ಮಾತ್ರ, ಮುಂದಿನ ಏರಿಕೆ ರಕ್ತ ಪರೀಕ್ಷೆಯ ಬಳಿಕವೇ.