ವೈರುಗಳಿಗೆ ಸ್ವಲ್ಪ ಸಡಿಲ ಬಿಡಿ

ಈಚೆಗೆ ಗಿರಾಕಿಗಳು ಕಂಪ್ಯೂಟರ್ ತೋರಿಸುವ ಮೊದಲು ಮೊಬೈಲ್ ತೋರಿಸುತ್ತಾರೆ. ಅದರಲ್ಲೊಂದು ಚಿತ್ರ: ಬಿಳಿ ಮೇಜು, ಮೇಲೊಂದು ಮಾನಿಟರ್, ಪಕ್ಕದಲ್ಲಿ ಪುಟ್ಟ ಕುಂಡ. ಹುಡುಕಿದರೂ ಒಂದು ವೈರು ಕಾಣುವುದಿಲ್ಲ. "ನಮ್ಮದೂ ಹೀಗೇ ಆಗಬೇಕು ನೋಡಿ" ಎನ್ನುತ್ತಾರೆ. ಆಗಲಿ, ಬೇಡವೆನ್ನಲು ನಾನ್ಯಾರು? ತೊಂದರೆ ಏನೆಂದರೆ, ಬಹಳ ಮಂದಿ ನನ್ನನ್ನು ಕರೆಯುವ ಹೊತ್ತಿಗೆ ಆ ಕೆಲಸವನ್ನು ತಾವೇ ಮುಗಿಸಿರುತ್ತಾರೆ. ಒಂದು ಕಟ್ಟು ಜಿಪ್ ಟೈ (ಒಮ್ಮೆ ಎಳೆದು ಬಿಗಿದರೆ ಬಿಚ್ಚಲು ಬಾರದ ಪ್ಲಾಸ್ಟಿಕ್ ಪಟ್ಟಿ) ತಂದು, ಮಾನಿಟರಿನ ಬೆನ್ನಿನಿಂದ ನೆಲದವರೆಗೆ ಎಲ್ಲ ವೈರುಗಳನ್ನೂ ಸೇರಿಸಿ ಮದುವೆ ಹೆಣ್ಣಿನ ಜಡೆಯಂತೆ ಬಿಗಿದು, ಮೇಜಿನ ಕಾಲಿಗೆ ಕಟ್ಟಿ, ಉಳಿದ ಬಾಲಗಳನ್ನು ಕತ್ತರಿಸಿರುತ್ತಾರೆ. ನನಗೆ ಫೋನ್ ಬರುವುದು ಮಾನಿಟರ್ ಆಗಾಗ ಕಪ್ಪಾಗುತ್ತಿದೆ ಎಂದು, ಇಲ್ಲವೇ ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿಲ್ಲ ಎಂದು.

ಬಿಗಿಯಾಗಿದ್ದರೆ ಅಚ್ಚುಕಟ್ಟು ಎಂಬ ಈ ನಂಬಿಕೆಯನ್ನು ಎಷ್ಟು ಹೇಳಿದರೂ ಜನ ಬಿಡುವುದಿಲ್ಲ. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ವೈರು ನಡುವೆ ಹಾಳಾಗುವುದು ಅಪರೂಪ. ಇಲಿ ಕಡಿದರೆ, ಕುರ್ಚಿಯ ಗಾಲಿ ಹತ್ತಿದರೆ ಆ ಮಾತು ಬೇರೆ. ಸಾಮಾನ್ಯವಾಗಿ ಅದು ಕೆಡುವುದು ತುದಿಯಲ್ಲಿ, ಪಿನ್ನಿನೊಳಗೆ ಸೇರುವ ಕುತ್ತಿಗೆಯಲ್ಲಿ. ನಂಬದವರ ಎದುರಿಗೇ ಸತ್ತ ಚಾರ್ಜರಿನ ವೈರನ್ನು ಬ್ಲೇಡಿನಿಂದ ಸೀಳಿ ತೋರಿಸುತ್ತೇನೆ. ಹೊರಗಿನ ಕಪ್ಪು ಸಿಪ್ಪೆ ನೆಟ್ಟಗಿರುತ್ತದೆ, ಗೀರು ಕೂಡ ಇರುವುದಿಲ್ಲ. ಒಳಗೆ ತೆಳ್ಳನೆಯ ತಾಮ್ರದ ಎಳೆಗಳು. ಒಂದು ಅಂಗುಲ ಹಿಂದೆ ಅವು ಹೊಸದರಂತೆ ಕೆಂಪಗೆ ಹೊಳೆಯುತ್ತಿರುತ್ತವೆ. ಕುತ್ತಿಗೆಯ ಹತ್ತಿರ ಬರುತ್ತಿದ್ದಂತೆ ಅರ್ಧಕ್ಕರ್ಧ ತುಂಡಾಗಿ, ತುದಿಗಳು ಕಪ್ಪಿಟ್ಟು, ಬೆರಳಿಗೆ ಪುಡಿಯಾಗಿ ಅಂಟುತ್ತವೆ. ವೈರನ್ನು ಬಿಗಿದು ಕಟ್ಟಿದಾಗ ಸಣ್ಣ ಅಲುಗಾಟಕ್ಕೂ ಬಾಗುವುದು ಆ ಒಂದೇ ಜಾಗ. ದಿನವೂ ಅಲ್ಲೇ ಬಾಗಿ ಬಾಗಿ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಎಳೆ ಕಡಿಮೆಯಾಯಿತೆಂದು ಕರೆಂಟು ಕಡಿಮೆಯಾಗುವುದಿಲ್ಲವಲ್ಲ! 65 ವ್ಯಾಟಿನ ಸಾಮಾನ್ಯ ಲ್ಯಾಪ್‌ಟಾಪ್ ಚಾರ್ಜರಿನ ಆ ತೆಳ್ಳನೆಯ ವೈರಿನಲ್ಲಿ, 19 ವೋಲ್ಟಿನ ಲೆಕ್ಕದಲ್ಲಿ, 3 ಆಂಪಿಯರಿಗೂ ಮಿಕ್ಕಿ ಹರಿಯುತ್ತದೆ. ಅಷ್ಟೂ ಉಳಿದ ನಾಲ್ಕಾರು ಎಳೆಗಳ ಮೇಲೆ ಬಿದ್ದಾಗ ಆ ಜಾಗ ಬಿಸಿಯಾಗುತ್ತದೆ. ಚಾರ್ಜರಿನ ಕುತ್ತಿಗೆ ಮುಟ್ಟಿದರೆ ಸುಡುತ್ತದೆ ಎಂದು ನೀವು ಹೇಳುವ ದೂರು ಬಹಳ ಸಲ ಇದೇ. ಪಿನ್ ಸಡಿಲವಾಗಿದ್ದರೂ ಹಾಗಾಗಬಹುದು. ನೋಡದೆ ಖಚಿತವಾಗಿ ಹೇಳಲಾರೆ.

ಆಯುಧಪೂಜೆಯ ವಾರದಲ್ಲಿ ನಮ್ಮಂಥವರಿಗೆ ಕೈತುಂಬ ಕೆಲಸ. ವರ್ಷವಿಡೀ ಅಲ್ಲಾಡದ ಮೇಜನ್ನು ಅಂದು ಗೋಡೆಯಿಂದ ಈಚೆಗೆ ಎಳೆದು ಹಿಂದಿನ ಕಸ ಗುಡಿಸುತ್ತಾರೆ. ವೈರುಗಳ ಒಂದು ತುದಿ ಗೋಡೆಯ ಪ್ಲಗ್ಗಿನಲ್ಲಿ, ನಡು ಮೇಜಿನ ಕಾಲಿಗೆ, ಮತ್ತೊಂದು ತುದಿ ಮಾನಿಟರಿನಲ್ಲಿ. ಎಲ್ಲೂ ಒಂದಿಂಚು ಸಡಿಲವಿಲ್ಲ. ಒಬ್ಬ ಆಡಿಟರ್ ಕಚೇರಿಯಲ್ಲಿ ಹೀಗೆ ಎಳೆದ ರಭಸಕ್ಕೆ ಮಾನಿಟರಿಗೆ ಚಿತ್ರ ತರುವ ಎಚ್‌ಡಿಎಂಐ ಕೇಬಲ್ಲಿನ ಪಿನ್ನಿನ ಜೊತೆಗೆ ಮಾನಿಟರಿನ ಒಳಗಿನ ಸಾಕೆಟ್ ಬೋರ್ಡಿನಿಂದಲೇ ಕಿತ್ತು ಬಂದಿತ್ತು. ಕೇಬಲ್ ಹೋಗಿದ್ದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆಡಿಟರ್ ಸಾಹೇಬರು ಪೂಜೆಗೆಂದು ಅದೇ ಮಾನಿಟರಿಗೆ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, "ಬೆಳಿಗ್ಗೆ ಚೆನ್ನಾಗಿಯೇ ಇತ್ತಲ್ಲ ಸ್ವಾಮಿ" ಎಂದು ನಿಂತಿದ್ದರು. ಏನು ಹೇಳಲಿ?

ಜಿಪ್ ಟೈ ಹುಟ್ಟಿದ ಕಥೆಯಲ್ಲೇ ಇದಕ್ಕೆ ಉತ್ತರವಿದೆ. 1958ರಲ್ಲಿ ಅಮೆರಿಕದ ಥಾಮಸ್ ಆ್ಯಂಡ್ ಬೆಟ್ಸ್ ಕಂಪನಿಯ ಮಾರಸ್ ಲೋಗನ್ ಇದನ್ನು ರೂಪಿಸಿದ್ದು ವಿಮಾನದೊಳಗಿನ ವೈರುಗಳ ಕಟ್ಟಿಗಾಗಿ. ವಿಮಾನದಲ್ಲಿ ಒಮ್ಮೆ ಕೂರಿಸಿದ ವೈರನ್ನು ಯಾರೂ ದಿನಾ ಕಿತ್ತು ಹಾಕುವುದಿಲ್ಲ. ನಿಮ್ಮ ಮೇಜಿನಲ್ಲಿ ಹಾಗಲ್ಲ: ಇವತ್ತು ಮಗಳಿಗೆ ಆನ್‌ಲೈನ್ ಪಾಠ, ನಾಳೆ ಚಾರ್ಜರ್ ಊರಿಗೆ, ನಾಡಿದ್ದು ಹೊಸ ಕೀಬೋರ್ಡ್. ಪ್ರತಿ ಸಲವೂ ಟೈ ಕತ್ತರಿಸಬೇಕು. ಕತ್ತರಿಸುವಾಗ ಕಟಿಂಗ್ ಪ್ಲೇಯರಿನ ಬಾಯಿಗೆ ಪಕ್ಕದ ವೈರಿನ ಸಿಪ್ಪೆಯೂ ಸಿಗುತ್ತದೆ. ವೆಲ್ಕ್ರೋ ಪಟ್ಟಿ ತೆಗೆದುಕೊಳ್ಳಿ, ಬಿಚ್ಚಿ ಮತ್ತೆ ಕಟ್ಟಬಹುದು. ಕಟ್ಟಿದ ಮೇಲೆ ಪಟ್ಟಿಯೊಳಗೆ ಕಿರುಬೆರಳು ಸಲೀಸಾಗಿ ತೂರಬೇಕು. ತೂರದಿದ್ದರೆ ಬಿಚ್ಚಿ ಇನ್ನೊಮ್ಮೆ ಕಟ್ಟಿ.

ಎಷ್ಟು ಸಡಿಲ ಬಿಡಬೇಕೆಂದು ಕೇಳುತ್ತಾರೆ. ಮೇಜನ್ನು ಗುಡಿಸಲು ಎಷ್ಟು ಎಳೆಯುತ್ತೀರೋ ಅಷ್ಟು ಮೊದಲೇ ಎಳೆದು ನಿಲ್ಲಿಸಿ. ಮಾನಿಟರನ್ನು ಅದರ ಬೆನ್ನು ಕಾಣುವಷ್ಟು ತಿರುಗಿಸಿ. ಆ ಸ್ಥಿತಿಯಲ್ಲಿ ಯಾವ ಪಿನ್ನಿನ ಮೇಲೂ ಎಳೆತ ಇಲ್ಲವೆಂದು ನೋಡಿಕೊಂಡು ಆಮೇಲೆ ಕಟ್ಟಿ. ಮೊದಲ ಕಟ್ಟು ಪಿನ್ನಿನಿಂದ ಒಂದು ಗೇಣಾದರೂ ದೂರವಿರಲಿ. ಹೆಚ್ಚಾದ ಉದ್ದವನ್ನು ಮಡಿಚಿ ಒತ್ತಬೇಡಿ, ಅಗಲವಾದ ಸುರುಳಿ ಮಾಡಿ ಮೇಜಿನ ಅಡಿಗೆ ತೂಗುಹಾಕಿ. ಇಂಟರ್‌ನೆಟ್ಟಿನ ಲ್ಯಾನ್ ಕೇಬಲ್ಲಿಗೆ ಒಂದು ಲೆಕ್ಕವೇ ಇದೆ: ಬಾಗಿನ ತ್ರಿಜ್ಯ ಕೇಬಲ್ಲಿನ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಬಾರದು. ಕ್ಯಾಟ್ 6 ಎಂಬ ಬಗೆಯ ಲ್ಯಾನ್ ಕೇಬಲ್ ಸುಮಾರು 6 ಮಿಲಿಮೀಟರ್ ದಪ್ಪ, ಅಂದರೆ ಬಾಗಿನ ತ್ರಿಜ್ಯ ಹತ್ತಿರ ಹತ್ತಿರ ಎರಡೂವರೆ ಸೆಂಟಿಮೀಟರ್ ಇರಬೇಕು.

ನನ್ನ ಗಿರಾಕಿಗಳ ಪೈಕಿ ಅಚ್ಚುಕಟ್ಟೆಂದರೆ ಒಬ್ಬ ನಿವೃತ್ತ ಮೇಷ್ಟ್ರು. ಜಿಪ್ ಟೈ ಮುಟ್ಟಿದವರಲ್ಲ. ಹಳೆಯ ಪಂಚೆಯ ಅಂಚು ಹರಿದು, ಎಳೆದರೆ ಬಿಚ್ಚುವಂಥ ಗಂಟು ಹಾಕಿದ್ದಾರೆ. ಬಟ್ಟೆಗೆ ಬೆಂಕಿ ಹತ್ತುತ್ತದೆ, ಎಕ್ಸ್‌ಟೆನ್ಷನ್ ಬೋರ್ಡಿನ ಹತ್ತಿರ ಬೇಡ ಎಂದೆ. ಅಲ್ಲಿಂದ ಮಾತ್ರ ತೆಗೆದರು. ಪ್ರತಿ ವೈರಿಗೂ ಬಿಳಿ ಟೇಪು ಸುತ್ತಿ, ಕರಿಹಲಗೆಯ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಹೆಸರು ಬರೆದಿದ್ದಾರೆ: ಮಾನಿಟರ್, ಪ್ರಿಂಟರ್, ಮೊಮ್ಮಗನ ಚಾರ್ಜರ್. ಒಂದರ ಮೇಲೆ "ಯಾವುದೋ ತಿಳಿಯದು, ಕೀಳಬಾರದು" ಎಂದಿದೆ. ನಾನೂ ಕಿತ್ತಿಲ್ಲ.

ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಬೋರ್ಡ್ ಸಿಕ್ಕಿಸಬೇಡಿ ಎಂಬುದನ್ನು ಮತ್ತೆ ಹೇಳಬೇಕೇ? ಗೋಡೆಯ ಸಣ್ಣ ಪ್ಲಗ್ 6 ಆಂಪಿಯರಿನದು. 230 ವೋಲ್ಟಿಗೆ ಗುಣಿಸಿದರೆ 1380 ವ್ಯಾಟ್. ಕಂಪ್ಯೂಟರ್, ಮಾನಿಟರ್, ಎರಡು ಚಾರ್ಜರ್ ಸೇರಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಅದೇ ಬೋರ್ಡಿಗೆ ಟೀ ಕಾಯಿಸುವ ಕೆಟಲ್ ಹಾಕುವವರನ್ನು ಕಂಡಿದ್ದೇನೆ. ಲೇಸರ್ ಪ್ರಿಂಟರಿಗೆ ಗೋಡೆಯಲ್ಲೇ ಬೇರೆ ಪ್ಲಗ್ ಕೊಡಿ, ಯುಪಿಎಸ್ ಬೇಡ. ಬೋರ್ಡನ್ನು ಮೇಜಿನ ಅಡಿಭಾಗಕ್ಕೆ ಸ್ಕ್ರೂ ಹಾಕಿ ಮೇಲೆತ್ತಿ. ನೆಲ ಒರೆಸುವ ಒದ್ದೆ ಬಟ್ಟೆ ಅದಕ್ಕೆ ತಾಗಬಾರದು.

ಪ್ಲಗ್ಗಿನ ಸುತ್ತ ಕಂದು ಕಲೆ, ಸುಟ್ಟ ವಾಸನೆ, ಸಿಪಿಯು ಡಬ್ಬ ಮುಟ್ಟಿದರೆ ಜುಮ್ಮೆನ್ನುವುದು, ಇವುಗಳಲ್ಲಿ ಯಾವುದಿದ್ದರೂ ನನ್ನನ್ನು ಕರೆಯಬೇಡಿ. ಮೇನ್ ಸ್ವಿಚ್ ಆರಿಸಿ, ಮನೆಯ ವೈರಿಂಗ್ ಮತ್ತು ಅರ್ಥಿಂಗ್ ಬಲ್ಲ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.